ಕಾವೇರಿ ಟಿಪ್ಪಣಿ: ಪಾಲು ಗೊತ್ತು, ತಿಂಗಳು ಗೊತ್ತಾ?

ಬೆಂಗಳೂರಿನ ವಿಜಯನಗರದ ಲೈಬ್ರರಿಯಲ್ಲಿ ನನ್ನ ಜೊತೆ ಓದುವ ಎಲ್ಲರಿಗೂ 284.75 ಮತ್ತು 404.25 ಬಾಯಿಪಾಠ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ, ತಮಿಳುನಾಡಿಗೆ ಹಂಚಿದ ಕಾವೇರಿ ನೀರಿನ ಟಿಎಂಸಿ ಲೆಕ್ಕ ಅದು. ಪಾಲು ಅಷ್ಟು ಖಚಿತವಾಗಿ ತೀರ್ಮಾನ ಆಗಿದ್ದರೆ 2023ರಲ್ಲಿ ಮತ್ತೆ ಬಂದ್ ಯಾಕಾಯಿತು ಅಂತ ಯಾರಾದರೂ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೇವೆ.

ಮೊದಲು ಅಳತೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು, ಸುಮಾರು 28.3 ಲೀಟರ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಇವೆರಡನ್ನೂ ಜೋಡಿಸುವ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 11,574 ಕ್ಯೂಸೆಕ್ ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಈಗ ತಮಿಳುನಾಡಿಗೆ ನೀರು ಬಿಡಿ ಅಂತ ಬಂದ 2023ರ ಆದೇಶ ನೋಡಿ. 5,000 ಕ್ಯೂಸೆಕ್, 15 ದಿನ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 6.5 ಟಿಎಂಸಿ. ಕೆಆರ್‌ಎಸ್ ತುಂಬಿದಾಗ 49.45 ಟಿಎಂಸಿ, ಆಗ ಇದು ದೊಡ್ಡದಲ್ಲ. ಅಣೆಕಟ್ಟು ಅರ್ಧ ಖಾಲಿ ಇದ್ದು, ಅಷ್ಟನ್ನೂ ಅಲ್ಲಿಂದಲೇ ಬಿಡಬೇಕಾದರೆ ಇರುವ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು.

ಅಸಲು ವಿಷಯ ಇಲ್ಲಿಂದ ಶುರು. ಅಣೆಕಟ್ಟು ನೀರನ್ನು ಹುಟ್ಟಿಸುವುದಿಲ್ಲ, ನೀರು ಬರುವ ತಾರೀಖನ್ನು ಬದಲಿಸುತ್ತದೆ. ಆ ತಾರೀಖು ಯಾರ ಕೈಯಲ್ಲಿದೆ ಅನ್ನುವುದೇ ಜಗಳ. ತಮಿಳುನಾಡಿಗೆ ಹೋಗುವ ನೀರನ್ನು ಗಡಿಯಲ್ಲಿ ಅಳೆಯುವ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕು, ಅದೂ ತಿಂಗಳ ಲೆಕ್ಕದಲ್ಲಿ: ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95. ಅತ್ತ ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ಗೇಟು ಕುರುವೈ ಭತ್ತದ ಬೆಳೆಗೆ ಜೂನ್ 12ಕ್ಕೆ ತೆರೆಯುವುದು ವಾಡಿಕೆ. ಇತ್ತ ಮಂಡ್ಯದಲ್ಲಿ ಕೆಆರ್‌ಎಸ್‌ನ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಯಾವಾಗ ಬಿಡುತ್ತಾರೋ ಅಂತ ಸಸಿಮಡಿ ಮಾಡಲು ಕಾಯುತ್ತಾರೆ. ಇಬ್ಬರೂ ಕಾಯುವುದು ಕೊಡಗಿನ ಅದೇ ಮಳೆಗೆ. ತಂಜಾವೂರಿನ ಕಡೆ ಹಿಂಗಾರು ಬರುವುದು ಅಕ್ಟೋಬರಿನಲ್ಲಿ, ಅಲ್ಲಿಯವರೆಗೆ ಅವರಿಗೆ ಮೆಟ್ಟೂರೇ ಗತಿ.

ಮಳೆ ಕೈಕೊಟ್ಟ ವರ್ಷ ಪಾಲೂ ಅದೇ ಪ್ರಮಾಣದಲ್ಲಿ ಕಮ್ಮಿ ಅಂತ ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು ಹೇಳುತ್ತದೆ. ಒಪ್ಪೋಣ. ಆದರೆ ಜುಲೈನಲ್ಲಿ ನಿಂತುಕೊಂಡು ಈ ವರ್ಷ ಮಳೆ ಎಷ್ಟು ಕಮ್ಮಿ ಅಂತ ಹೇಳುವುದು ಹೇಗೆ? ಪತ್ರಿಕೆಗಳಲ್ಲಿ ಬರುವ ‘ಸಂಕಷ್ಟ ಸೂತ್ರ’ದ ಗಂಟು ಇದೇ. ನನ್ನ ಪ್ರಕಾರ ಒಟ್ಟು ಪಾಲಿಗಿಂತ ಈ ಪ್ರಶ್ನೆಯನ್ನು ಜಾಸ್ತಿ ಓದಬೇಕು, ಗೈಡುಗಳಲ್ಲಿ ಇದಕ್ಕೆ ಎರಡು ಸಾಲೂ ಇರುವುದಿಲ್ಲ.

ಮುಳುಗಡೆ ಎರಡೂ ಕಡೆ ಆಗಿದೆ, ಇದನ್ನು ಮರೆಯಬೇಡಿ. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಹಳೇ ಕನ್ನಂಬಾಡಿಯನ್ನು ನುಂಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನು ಎಷ್ಟೋ ವರ್ಷಗಳ ನಂತರ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರಿನಲ್ಲಿ ನೀರು ಇಳಿದರೆ ಮುಳುಗಿದ ಊರಿನ ನಂದಿ, ಚರ್ಚಿನ ಗೋಪುರ ತಲೆ ಎತ್ತುತ್ತವೆ.

ಇನ್ನು ನಮ್ಮ ಊರು. ನ್ಯಾಯಮಂಡಳಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ಹಿಡಿದು ಕುಡಿಯುವ ನೀರಿನ ಲೆಕ್ಕ ಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಇಡೀ ನಗರಕ್ಕೆ ಅಂತ 4.75 ಟಿಎಂಸಿ ಸೇರಿಸಿತು. ಕೇಳಲು ಕಮ್ಮಿ ಅನ್ನಿಸುತ್ತದೆ ಅಲ್ವಾ? ಇಲ್ಲೊಂದು ಸೂಕ್ಷ್ಮ ಇದೆ. ಮನೆಬಳಕೆಗೆ ಕೊಟ್ಟ ನೀರಿನಲ್ಲಿ ನಿಜಕ್ಕೂ ಖರ್ಚಾಗುವುದು ಶೇ 20 ಮಾತ್ರ, ಉಳಿದದ್ದು ಮತ್ತೆ ಹೊಳೆಗೆ ಸೇರುತ್ತದೆ ಅಂತ ಲೆಕ್ಕ. 4.75 ಅನ್ನುವುದು ಆ ಖರ್ಚಾಗುವ ಭಾಗ ಮಾತ್ರ.

ಹೇಗೆ ಸೇರುತ್ತದೆ? ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬಂದ ನೀರನ್ನು ನಾವು ವಿಜಯನಗರದಲ್ಲಿ ಬಳಸಿ ಬಿಟ್ಟರೆ ಅದು ವೃಷಭಾವತಿಗೆ ಹೋಗುತ್ತದೆ, ಅಲ್ಲಿಂದ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಬಿಳಿಗುಂಡ್ಲು ಇರುವುದು ಸಂಗಮದಿಂದ ಕೆಳಗೆ. ಅಂದರೆ ತಮಿಳುನಾಡಿನ ಪಾಲು ಅಂತ ಅಲ್ಲಿ ಅಳೆಯುವ ನೀರಿನಲ್ಲಿ ನಮ್ಮ ಬಚ್ಚಲ ನೀರೂ ಇದೆ.