ತರಕಾರಿ ಬೀಜ ಆರಿಸುವುದು: ಜೊಳ್ಳು ಯಾವುದು, ಗಟ್ಟಿ ಯಾವುದು

ಬೀಜ ಆರಿಸುವಾಗ ಗಾತ್ರಕ್ಕಿಂತ ಒಳಗಿನ ತಿರುಳು ಮುಖ್ಯ. ನೋಡಲು ದಪ್ಪಗಿದ್ದರೂ ತಿರುಳು ಸೊರಗಿದ ಬೀಜ ಮೊಳೆಯದೆ ಹೋಗಬಹುದು. ಮೊಳೆತರೂ ಸಸಿ ಬಡಕಲಾಗಿ ಮಡಿಯಲ್ಲಿ ಹಿಂದೆ ಬೀಳುತ್ತದೆ.

ಮೊದಲು ಒಣ ಕೆಲಸ ಮುಗಿಸಿ, ನೀರು ಕೊನೆಗೆ. ಒದ್ದೆಯಾದರೆ ಹೊಟ್ಟು ಬೀಜಕ್ಕೇ ಅಂಟಿಕೊಳ್ಳುತ್ತದೆ. ಮೊರದಲ್ಲಿ ಕೇರಿ, ಎರಡು ಜರಡಿ ಹಿಡಿಯಿರಿ: ಮೇಲಿನದರಲ್ಲಿ ಕಡ್ಡಿ, ಹೆಂಟೆ ಉಳಿಯಬೇಕು, ಕೆಳಗಿನದರಲ್ಲಿ ಬೀಜ ನಿಂತು ಮರಿಬೀಜ, ಚೂರು ಸೋರಬೇಕು. ದುಂಡು ತೂತು ಅಗಲದ ಮೇಲೆ ಬೇರ್ಪಡಿಸುತ್ತದೆ, ಸೀಳು ತೂತು ದಪ್ಪದ ಮೇಲೆ. ಸೌತೆಯಂಥ ಚಪ್ಪಟೆ ಬೀಜದಲ್ಲಿ ಜೊಳ್ಳಿನ ಅಗಲವೂ ಗಟ್ಟಿಯದಷ್ಟೇ ಇರಬಹುದು, ಹಾಗಾಗಿ ಅದಕ್ಕೆ ಸೀಳು ತೂತೇ ಸರಿ.

ಆಮೇಲೆ ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಮೆಣಸಿನಕಾಯಿ ಬೀಜ ತಿಳಿ ಹಳದಿ ಇರಬೇಕು; ಕಂದು ತಿರುಗಿದ್ದು ಕೊಳೆರೋಗದ ಕಾಯಿಯದ್ದಿರಬಹುದು, ತೆಗೆದುಬಿಡಿ. ಅಲಸಂದೆಯಲ್ಲಿ ದುಂಡು ತೂತಿದ್ದರೆ ಹುಳ ತಿರುಳು ತಿಂದು ಹೊರಬಿದ್ದಿದೆ ಎಂದರ್ಥ.

ಇನ್ನು ನೀರಿನಲ್ಲಿ ತೇಲಿಸುವ ವಿಧಾನ. ಹೆಚ್ಚು ತಪ್ಪಾಗುವುದು ಇಲ್ಲೇ. ಟೊಮೆಟೊ, ಬದನೆ ಬೀಜಗಳಿಗೆ ಮೊದಲು ಬರೀ ನೀರು ಸಾಕು. ಬೀಜ ಹಾಕಿದ ಕೂಡಲೇ ತೇಲಿದ್ದನ್ನು ತೆಗೆಯಬೇಡಿ. ಟೊಮೆಟೊ ಬೀಜದ ನವಿರು ರೋಮಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಒಳ್ಳೆಯ ಬೀಜವೂ ಮೇಲೇ ನಿಲ್ಲುತ್ತದೆ. ಚೆನ್ನಾಗಿ ಕಲಕಿ, ಐದು ನಿಮಿಷ ಬಿಟ್ಟು, ಮತ್ತೊಮ್ಮೆ ಕಲಕಿದ ಮೇಲೂ ತೇಲುವುದನ್ನಷ್ಟೇ ಬೇರೆ ಇಡಿ. ಎಲ್ಲವೂ ಮುಳುಗಿದರೆ ಲೀಟರಿಗೆ 20 ಗ್ರಾಂ ಉಪ್ಪು ಪೂರ್ತಿ ಕರಗಿಸಿ ಮತ್ತೆ ನೋಡಿ. ನೀರಿನ ಸಾಂದ್ರತೆ ಏರಿದಷ್ಟೂ ಹಗುರ ಬೀಜ ಮೇಲೆ ಬರುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ಉಪ್ಪು ಉಳಿದರೆ ಮೊಳಕೆಗೆ ಕುತ್ತು, ಆದ್ದರಿಂದ ಎರಡು ಮೂರು ಸಲ ತೊಳೆಯಲೇಬೇಕು. ಕೂಡಲೇ ಬಿತ್ತದಿದ್ದರೆ ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿ.

ಕುಂಬಳದ ಜಾತಿಗೆ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಸಿಪ್ಪೆಗೂ ತಿರುಳಿಗೂ ನಡುವೆ ಗಾಳಿ ಇರುವುದರಿಂದ ಒಳ್ಳೆಯ ಒಣ ಬೀಜವೂ ತೇಲುತ್ತದೆ. ಬೀನ್ಸ್ ಬೀಜವನ್ನಂತೂ ನೀರಿಗೆ ಹಾಕಲೇಬಾರದು: ತೀರಾ ಒಣಗಿದ್ದು ಒಮ್ಮೆಲೇ ನೀರು ಹೀರಿ ದಳ ಸೀಳಿಬಿಡುತ್ತದೆ. ಇವನ್ನು ಕಣ್ಣಿನಿಂದ, ತೂಕದಿಂದಲೇ ಆರಿಸಿ.

ತೇಲಿದ್ದನ್ನು ಎಸೆಯುವ ಮೊದಲು ಮೊಳಕೆ ಪರೀಕ್ಷೆ ಮಾಡಿ. ತೇಲಿದ್ದು 50, ಮುಳುಗಿದ್ದು 50 ಎಣಿಸಿ, ಒದ್ದೆ ಕಾಗದದಲ್ಲಿ ಬೇರೆ ಬೇರೆ ಸುತ್ತಿ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಕಾಗದ ಒತ್ತಿದರೆ ಬೆರಳ ಸುತ್ತ ನೀರು ಜಿನುಗಬಾರದು. ಜಿನುಗಿದರೆ ಗಾಳಿಯಿಲ್ಲದೆ ಬೀಜ ಕೊಳೆಯುತ್ತದೆ. ಕೊನೆಯ ಎಣಿಕೆ ಸೌತೆಗೆ 8ನೇ ದಿನ, ಮೂಲಂಗಿಗೆ 10, ಟೊಮೆಟೊ, ಬದನೆ, ಮೆಣಸಿನಕಾಯಿಗೆ 14. ಬೇರು, ಕಾಂಡ ಎರಡೂ ಸರಿಯಾಗಿ ಬಂದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಎರಡು ಗುಂಪಿನ ಫಲಿತಾಂಶ ಹತ್ತಿರ ಹತ್ತಿರವಿದ್ದರೆ ಆ ಬೀಜಕ್ಕೆ ತೇಲಿಸುವ ಅಗತ್ಯವೇ ಇಲ್ಲ.

ಎಷ್ಟೇ ಆರಿಸಿದರೂ ಬೀಜದೊಳಗಿನ ವೈರಸ್ ಹೋಗುವುದಿಲ್ಲ, ಕಲಬೆರಕೆ ತಳಿಯೂ ಬೇರೆಯಾಗುವುದಿಲ್ಲ. ಅದಕ್ಕೆ ಬೀಜಕ್ಕೆ ಬಿಡುವ ಗಿಡವನ್ನೇ ಹೊಲದಲ್ಲಿ ನೋಡಿ ಗುರುತು ಹಾಕಿಕೊಳ್ಳಬೇಕು.