ಸೋರಿದ್ದು ಗಂಟೋ, ಗುಳ್ಳೆಯೋ?

ಮೆದುಳಲ್ಲಿ ರಕ್ತಸ್ರಾವ ಆಯ್ತು ಅಂದ ತಕ್ಷಣ "ಟೆನ್ಶನ್ ಜಾಸ್ತಿ ಮಾಡ್ಕೊಂಡ್ರು, ನರ ಒಡೀತು" ಅಂತ ತೀರ್ಪು ಕೊಡುವವರು ಇದ್ದೇ ಇರುತ್ತಾರೆ. ಸ್ಕ್ಯಾನಿನಲ್ಲಿ ಎವಿಎಂ (ಅಪಧಮನಿ, ಅಭಿಧಮನಿಗಳು ನೇರವಾಗಿ ಕೂಡಿಕೊಂಡ ಗಂಟು), ಅದರ ಜೊತೆಗೊಂದು ಅನ್ಯೂರಿಸಂ (ರಕ್ತನಾಳದ ಗೋಡೆ ಉಬ್ಬಿದ ಗುಳ್ಳೆ) ಅಂತ ಬಂದರಂತೂ ಮುಗೀತು, ದೃಷ್ಟಿ, ಶಾಪ, ಗ್ರಹಚಾರ ಎಲ್ಲ ಶುರು. ಎರಡು ಕಾಯಿಲೆ ಒಟ್ಟಿಗೇ ಬರುವುದಾದರೂ ಹೇಗೆ ಅನ್ನೋದು ಅವರ ವಾದ. ಆದರೆ ಎಷ್ಟೋ ಸಲ ಎರಡನೆಯದನ್ನು ಹುಟ್ಟಿಸಿದ್ದೇ ಮೊದಲನೆಯದು!

ಅಪಧಮನಿಯಿಂದ ಹೊರಟ ರಕ್ತ ಕೂದಲಿಗಿಂತ ತೆಳುವಾದ ಲೋಮನಾಳಗಳಲ್ಲಿ ನುಸುಳಿ ಅಭಿಧಮನಿ ಸೇರಬೇಕು. ಆ ದಾರಿಯಲ್ಲಿ ಒತ್ತಡ ಇಳಿಯುತ್ತದೆ. ಎವಿಎಂನಲ್ಲಿ ಲೋಮನಾಳಗಳೇ ಇಲ್ಲ, ನಾಳಗಳ ಒಂದು ಗಂಟು ಮಾತ್ರ. ತಡೆಯಿಲ್ಲದ ದಾರಿ ಸಿಕ್ಕರೆ ರಕ್ತ ಅಲ್ಲಿಗೇ ನುಗ್ಗುತ್ತದೆ, ಅಲ್ವಾ? ತುಂಬಿದ ಹೊಳೆ ತಿರುವಿನಲ್ಲಿ ದಡ ಕೊರೆಯುವ ಹಾಗೆ, ಗಂಟಿಗೆ ರಕ್ತ ತರುವ ನಾಳ ಕವಲೊಡೆಯುವ ಕಡೆ ಗೋಡೆ ವರ್ಷಗಟ್ಟಲೆ ಪೆಟ್ಟು ತಿಂದು ಸವೆಯುತ್ತದೆ. ಆದರೆ ದಡಕ್ಕೆ ಜೀವವಿಲ್ಲ, ನಾಳಕ್ಕಿದೆ. ಒಳಪದರದ ಕೋಶಗಳು ರಕ್ತದ ಉಜ್ಜಾಟವನ್ನು ಗ್ರಹಿಸಿ, ಸಂಕೇತ ಕಳಿಸಿ, ನಾಳವನ್ನು ಅಗಲ ಮಾಡಿಸುತ್ತವೆ. ಈ ರಿಪೇರಿ ಹದ ತಪ್ಪಿದ ಕಡೆ ಗೋಡೆ ಸೊರಗಿ ಗುಳ್ಳೆಯಂತೆ ಉಬ್ಬುತ್ತದೆ. ಕೆಲವು ಗುಳ್ಳೆಗಳು ಗಂಟಿನ ಒಳಗೇ ಇರುತ್ತವೆ. ಇನ್ನು ಕೆಲವಕ್ಕೆ ಗಂಟಿನ ಸಂಬಂಧವೇ ಇಲ್ಲ.

ಸೋರಿದ್ದು ಯಾವುದು ಅಂತ ಮೊದಲ ಸುಳಿವು ಕೊಡುವುದು ಸಿಟಿ ಸ್ಕ್ಯಾನ್. ರಕ್ತ ಮೆದುಳಿನ ಸುತ್ತಲಿನ ಪೊರೆಗಳ ನಡುವೆ ಹರಡಿದ್ದರೆ ಅನುಮಾನ ಗುಳ್ಳೆಯ ಮೇಲೆ, ಮೆದುಳಿನ ಒಳಗೇ ಹೆಪ್ಪುಗಟ್ಟಿದ್ದರೆ ಗಂಟಿನ ಮೇಲೆ. ಇದು ಬರೀ ಅನುಮಾನ. ಸರಿಯಾಗಿ ನೋಡಬೇಕಂದರೆ ಕ್ಯಾಥೆಟರ್ ಆಂಜಿಯೋಗ್ರಾಮ್ ಬೇಕು. ಮೆದುಳಿನ ನಾಳಗಳಿಗೆ ಬಣ್ಣ ಬಿಟ್ಟು ಎಕ್ಸ್-ರೇ ತೆಗೆಯುವ ವಿದ್ಯೆಯನ್ನು 1927ರಲ್ಲಿ ಶುರು ಮಾಡಿದ್ದು ಪೋರ್ಚುಗಲ್‌ನ ಎಗಾಸ್ ಮೊನಿಜ್. ತಮಾಷೆ ಅಂದರೆ, 1949ರ ನೊಬೆಲ್ ಅವರಿಗೆ ಬಂದದ್ದು ಇದಕ್ಕಲ್ಲ, ಮಾನಸಿಕ ಕಾಯಿಲೆಗೆ ಅಂತ ಮೆದುಳಿನ ಮುಂಭಾಗದ ನರತಂತು ಕತ್ತರಿಸುವ, ಇವತ್ತು ಯಾರೂ ಹೊಗಳದ ಲ್ಯೂಕಾಟಮಿ ಶಸ್ತ್ರಕ್ರಿಯೆಗೆ! ಇರಲಿ. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಕೊಳವೆ ತೂರಿಸಿ ಬಣ್ಣ ಬಿಟ್ಟರೆ ಸೆಕೆಂಡಿಗೆ ಹಲವು ಚಿತ್ರ ಬರುತ್ತವೆ. ಅಪಧಮನಿ ತುಂಬುತ್ತಿರುವಾಗಲೇ ಅಭಿಧಮನಿಯೂ ಕಪ್ಪಗೆ ಕಂಡರೆ ಎವಿಎಂ ಸಿಕ್ಕಿಬಿತ್ತು. ಗಂಟಿನೊಳಗಿನ ಸಣ್ಣ ಗುಳ್ಳೆ ಮಾತ್ರ ಮೋಸ ಮಾಡುತ್ತದೆ. ಸುತ್ತಿಕೊಂಡ ಅಭಿಧಮನಿಯೂ ಥೇಟ್ ಹಾಗೇ ಕಾಣುತ್ತದೆ. ಆಗ ಒಂದೊಂದೇ ಕವಲಿನೊಳಗೆ ಸಣ್ಣ ಕೊಳವೆ ಇಟ್ಟು ನೋಡಬೇಕು.

ಚಿಕಿತ್ಸೆಯಲ್ಲಿ ಸರದಿಯೇ ಮುಖ್ಯ. ಸೋರಿದ್ದು ಗುಳ್ಳೆಯಾದರೆ ಒಳಗೆ ಕಾಯಿಲ್ (ತೆಳು ಲೋಹದ ಸುರುಳಿ) ತುಂಬಿಯೋ ಬುಡಕ್ಕೆ ಕ್ಲಿಪ್ ಹಾಕಿಯೋ ಮೊದಲು ಅದನ್ನು ಮುಚ್ಚುತ್ತಾರೆ. ಗುಳ್ಳೆ ಬಿಟ್ಟು ಗಂಟನ್ನು ಒಮ್ಮೆಲೇ ಮುಚ್ಚಿದರೆ, ರಕ್ತ ತರುವ ನಾಳದಲ್ಲಿ ಒತ್ತಡ ಏರಿ ಗುಳ್ಳೆಗೇ ಅಪಾಯ. ಹಾಗಂತ ಎಲ್ಲಕ್ಕೂ ಕೈ ಹಾಕಬೇಕಿಲ್ಲ. ಸೋರದೇ ಇರುವ, ಗಂಟಿಗೆ ಹತ್ತಿರದ ಗುಳ್ಳೆಗಳು ಗಂಟು ಹೋದ ಮೇಲೆ ತಾವಾಗಿಯೇ ಕುಗ್ಗುವುದುಂಟು. ವಿಕಿರಣ ಕೊಟ್ಟರೆ ಗಂಟು ಮುಚ್ಚಲು 2-3 ವರ್ಷ ಬೇಕು, ಅಷ್ಟು ದಿನ ಗುಳ್ಳೆ ಕಾಯುತ್ತಾ? ಅದನ್ನೂ ಲೆಕ್ಕ ಹಾಕಬೇಕು.

ಇನ್ನೂ ಸೋರದ ಎವಿಎಂಗೆ ಕೈ ಹಾಕಬೇಕಾ ಅನ್ನುವ ಜಗಳ ಬೇರೆ ಇದೆ. 2014ರಲ್ಲಿ ಪ್ರಕಟವಾದ ಅರೂಬಾ ಪ್ರಯೋಗದಲ್ಲಿ ಗಂಟಿಗೆ ಕೈ ಹಾಕದೆ ಬಿಟ್ಟವರಿಗಿಂತ ಅದಕ್ಕೆ ಚಿಕಿತ್ಸೆ ಪಡೆದವರಿಗೇ ಪಾರ್ಶ್ವವಾಯು ಅಥವಾ ಸಾವು ಜಾಸ್ತಿ ಕಂಡಿತು. ಆದರೆ ಅಲ್ಲಿ ರೋಗಿಗಳನ್ನು ಗಮನಿಸಿದ್ದು ಸರಾಸರಿ 33 ತಿಂಗಳು. ಇಪ್ಪತ್ತರ ಹರೆಯದವರ ಮುಂದೆ ಇನ್ನೂ ಐವತ್ತು ವರ್ಷ ಇದೆಯಲ್ಲ, ಅನ್ನುತ್ತಾರೆ ಒಪ್ಪದವರು. ಗಂಟಿನೊಳಗೊಂದು ಗುಳ್ಳೆಯೂ ಕಂಡರೆ ಅವರ ಮಾತಿಗೆ ತೂಕ ಜಾಸ್ತಿ.