ಡಯಲ್ ಗಾಜಿನ ಕ್ಲಿಪ್ ಮುರಿದಾಗ

ವಾಲ್ವ್ ರೇಡಿಯೋ, ಅಂದರೆ ಗಾಜಿನ ಬಲ್ಬಿನಂಥ ವಾಲ್ವ್‌ಗಳಿರುವ ಹಳೆ ರೇಡಿಯೋ ರಿಪೇರಿಗೆ ತಂದವರು ವಾಲ್ವ್ ಹೋಗಿದೆಯಾ, ಕಂಡೆನ್ಸರ್ ಹೋಗಿದೆಯಾ ಅಂತ ಕೇಳುತ್ತಾರೆ. ಸ್ಟೇಷನ್ ಹೆಸರುಗಳಿರುವ ಡಯಲ್ ಗಾಜನ್ನು ಚಾಸಿಗೆ (ಸೆಟ್ಟಿನ ಒಳಗಿನ ಲೋಹದ ಚೌಕಟ್ಟಿಗೆ) ಹಿಡಿದಿಟ್ಟಿರುವ ಉಗುರಿನಷ್ಟು ಕ್ಲಿಪ್ಪನ್ನು ಯಾರೂ ಕೇಳುವುದಿಲ್ಲ. ಸೆಟ್ ಹಾಡಲು ಶುರು ಮಾಡಿ, ಗಾಜು ಗಡಗಡ ಅಂದಾಗಲೇ ಅದರ ನೆನಪು.

ಹೊಸದರಲ್ಲಿ ನಾನು ಮುರಿದ ತುಂಡುಗಳನ್ನು ಸೇರಿಸಿ ಸೋಲ್ಡರ್ ಹಾಕಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಎರಡನೇ ದಿನ ಗಾಜು ಜಾರಿ ಬಿತ್ತು. ಸಿಲೋನ್ ಒಂದು ಕಡೆ, ದೆಹಲಿ ಒಂದು ಕಡೆ!

ಸೋಲ್ಡರ್ ಅಂದರೆ ತವರ, ಸೀಸ ಸೇರಿದ ಮೆತ್ತನೆ ಲೋಹ. ಕ್ಲಿಪ್ ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ, ಆ ಒತ್ತಡಕ್ಕೆ ಸೋಲ್ಡರ್ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಗ್ಯಾಸ್ ಉರಿಯಲ್ಲಿ ಹಿತ್ತಾಳೆ ಬೆಸುಗೆ ಹಾಕಿದರೆ ಕೀಲೇನೋ ಗಟ್ಟಿ, ಆದರೆ ಉಕ್ಕಿನ ಹದ ಹೋಗುತ್ತದೆ. ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ. ಹಾಗಾಗಿ ಹೊಸದು ಮಾಡುವುದೇ ಸರಿ.

ಹಳೆ ಗಡಿಯಾರದ ಸ್ಪ್ರಿಂಗ್ ಪಟ್ಟಿ ಇದಕ್ಕೆ ಒಳ್ಳೆಯದು. ದಪ್ಪ ಹಳೆ ಕ್ಲಿಪ್‌ನಷ್ಟೇ ಇರಲಿ. ಹಾಗೇ ಬಗ್ಗಿಸಲು ಹೋದರೆ ಟಕ್ ಅಂತ ಮುರಿಯುತ್ತದೆ. ಕೆಂಪಗೆ ಕಾಯಿಸಿ, ತಾನಾಗೇ ಆರಲು ಬಿಡಿ, ಮೆತ್ತಗಾಗುತ್ತದೆ. ಈಗ ತೂತು ಕೊರೆದು, ಮೊಳೆಯ ಸುತ್ತ ದುಂಡಗೆ ಬಗ್ಗಿಸಿ. ಇಕ್ಕಳದಿಂದ ಚೂಪಾಗಿ ಮಡಚಬೇಡಿ. ಹಳೆಯದು ಮುರಿದಿದ್ದೂ ಬಹುಪಾಲು ಅಂಥ ಚೂಪು ಮೂಲೆಯಲ್ಲೇ.

ಆಮೇಲೆ ಮತ್ತೆ ಕೆಂಪಗೆ ಕಾಯಿಸಿ. ಮ್ಯಾಗ್ನೆಟ್ ಅಂಟದ ಹಾಗಾಗಬೇಕು, ಅಂದರೆ ಸುಮಾರು 770 ಡಿಗ್ರಿ ದಾಟಿರಬೇಕು. ತಕ್ಷಣ ಎಣ್ಣೆಯಲ್ಲಿ ಅದ್ದಿ. ಈಗದು ಗಾಜಿನ ಹಾಗೆ, ಬಗ್ಗಿಸಿದರೆ ಪುಡಿ. ಎಮರಿ ಕಾಗದದಿಂದ ಬೆಳ್ಳಗೆ ಉಜ್ಜಿ, ಮರಳಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಬಣ್ಣ ಬದಲಾಗುತ್ತದೆ: ಮೊದಲು ಒಣ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಬಂದರೆ ಸುಮಾರು 300 ಡಿಗ್ರಿ, ಸ್ಪ್ರಿಂಗ್‌ಗೆ ಬೇಕಾದ ಹದ ಅದು. ಕಣ್ಣು ಬೇರೆ ಕಡೆ ಹೋಯಿತೋ, ಬೂದು ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಮೊದಲಿನಿಂದ ಮಾಡಬೇಕು. ನನಗೆ ಇದು ಎಷ್ಟೋ ಸಲ ಆಗಿದೆ ಬಿಡಿ.

ಇಷ್ಟು ಕಷ್ಟ ಬೇಡ ಅನ್ನುವವರಿಗೆ ಗುಜರಿ ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್) ಫಾಸ್ಫರ್ ಬ್ರಾಂಜ್ ಪಟ್ಟಿ ಇದೆ, ಅದು ಕಂಚಿನ ಒಂದು ಬಗೆ. ಹಾಗೇ ಬಗ್ಗುತ್ತದೆ, ಒತ್ತು ಸ್ವಲ್ಪ ಕಡಿಮೆ. ಸಣ್ಣ ಗಾಜಿಗೆ ಸಾಕು.

ಚಾಸಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, ಆಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರುವ ಫಿಲ್ಟರ್ ಕಂಡೆನ್ಸರ್ ಖಾಲಿ ಮಾಡಿ. ಯುಎಲ್84, ಯುವೈ85 ಥರದ ವಾಲ್ವ್ ಇರುವ ಸೆಟ್‌ಗಳಲ್ಲಿ ಚಾಸಿಗೇ ಮೇನ್ಸ್ ಕರೆಂಟ್ ಬಂದಿರಬಹುದು. ಹಳೆ ಕ್ಲಿಪ್ಪನ್ನು ಚಾಸಿಗೆ ಹಿಡಿದಿರುವ ರಿವೆಟ್ ಕೊರೆಯುವಾಗ ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗುವ ಪ್ಲೇಟುಗಳ ಕಂಡೆನ್ಸರ್) ಮೇಲೆ ಬಟ್ಟೆ ಹೊದಿಸಿ. ಒಂದು ಚೂರು ಲೋಹ ಪ್ಲೇಟುಗಳ ನಡುವೆ ಬಿದ್ದರೆ ಸ್ಟೇಷನ್ ಬದಲು ಬರೀ ಕರಕರ. ಇನ್ನೊಂದು ವಿಷಯ. ಹಳೆ ಚಾಸಿಗಳಿಗೆ ಕ್ಯಾಡ್ಮಿಯಂ ಲೇಪ ಇರುವುದುಂಟು. ಅದರ ಪುಡಿ ವಿಷ. ಒಣಗಿದ್ದಾಗ ಉಜ್ಜಬೇಡಿ, ಬಾಯಿಂದ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯಿರಿ.

ರಿವೆಟ್ ಬದಲು 3 ಮಿಲಿಮೀಟರ್ ಸ್ಕ್ರೂ ಸಾಕು. ಗಾಜಿಗೂ ಕ್ಲಿಪ್‌ಗೂ ನಡುವೆ ತೆಳ್ಳಗೆ ಫೆಲ್ಟ್ ಬಟ್ಟೆ ಅಂಟಿಸಿ. ಸ್ಟೇಷನ್ ಹೆಸರುಗಳು ಗಾಜಿನ ಹಿಂಬದಿಯಲ್ಲಿರುತ್ತವೆ, ಕ್ಲಿಪ್ ಸುಮ್ನೆ ಒಂದು ಸಲ ಉಜ್ಜಿದರೂ ಬಣ್ಣ ಎದ್ದು ಬರುತ್ತದೆ.